ಬಸಕ್ಕನ ಖಾಲಿ ಕುರ್ಚಿ

ಬಸಕ್ಕ ಕೂತು ಉಂಡದ್ದನ್ನು ಹಡಗಲಿಯಲ್ಲಿ ಯಾರೂ ನೋಡಿರಲಿಲ್ಲ. ಮದುವೆ ಮನೆಗಳಲ್ಲಿ ಊರಿಗೆ ಊರೇ ಉಣ್ಣುವಷ್ಟು ಅಡುಗೆ ಮಾಡಿ ಹಾಕುವ ಹೆಂಗಸು, ತಾನು ಮಾತ್ರ ಅಂಗೈ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಪಲ್ಯ ಹಾಕಿಕೊಂಡು, ಸಾರಿನ ಕೊಳಗದ ಪಕ್ಕ ನಿಂತೇ ತಿಂದು ಮುಗಿಸುತ್ತಿದ್ದಳು. ನಾನು ಆಗ ಹೊಸದಾಗಿ ಶಾಲೆಗೆ ಸೇರಿದ ಟೀಚರ್, ಅವಳ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. "ಒಂದೀಟು ಕುಂತು ಉಣ್ಣಬೇ" ಎಂದರೆ, "ಕುಂತ್ರ ಯಾರರೆ ಕರೀತಾರ, ಮತ್ತ ಏಳಬೇಕು. ಅದರ ಬದಲಿ ನಿಂತಿದ್ರ ಆತು" ಅನ್ನುತ್ತಿದ್ದಳು.

ಕೊನೆಗೆ ಮೊಣಕಾಲುಗಳೇ ಕೈಕೊಟ್ಟವು. ಒಂದು ವಾರ ಪೂರಾ ಕೂತಿರಬೇಕು, ಇಲ್ಲದಿದ್ದರೆ ಮುಂದಿನ ಲಗ್ನದ ಸೀಸನ್ನಿಗೆ ಒಲೆಯ ಮುಂದೆ ನಿಲ್ಲುವ ಆಸೆ ಬಿಡು ಎಂದರು ಡಾಕ್ಟರು. ಬಸಕ್ಕ ಜೀವನದಲ್ಲಿ ಹೆದರಿದ್ದು ಅದೊಂದೇ ಮಾತಿಗೆ. ಗಂಡ ತೀರಿದ ಮೇಲೆ ಅವಳನ್ನು ಎತ್ತಿ ನಿಲ್ಲಿಸಿದ್ದು ಅಡುಗೆಯ ಸೌಟೇ. ಆದರೆ ಊರಲ್ಲಿದ್ದರೆ ಕೂರಲು ಯಾರು ಬಿಡುತ್ತಾರೆ? ಬಾಗಿಲು ಹಾಕಿದರೆ ಕಿಟಕಿಗೆ ಬಂದು, "ಬಸಕ್ಕಾ, ಬಸುರಿ ಮಗಳ ಕುಬುಸ ಐತಿ, ಸಣ್ಣ ಅಡುಗಿ" ಎನ್ನುವ ಜನ.

ಒಂದು ದಿನ ಗೋಡೆಯ ಕ್ಯಾಲೆಂಡರ್ ತೋರಿಸಿದಳು. ಸಿಮೆಂಟ್ ಅಂಗಡಿಯವರು ಕೊಟ್ಟದ್ದು. ನೀಲಿ ಸಮುದ್ರ, ಮರಳಿನ ಮೇಲೆ ಒಂದೇ ಒಂದು ಕುರ್ಚಿ. "ನೋಡು ಟೀಚರವ್ವ, ಕುರ್ಚಿ ಖಾಲಿ ಐತಿ. ಅಲ್ಲಿಗೇ ಹೋಗಾಣ ನಡಿ."

ಯಾವ ಸಮುದ್ರಕ್ಕೆ ಎನ್ನುವುದೇ ಓಣಿಗೆ ದೊಡ್ಡ ಪಂಚಾಯ್ತಿಯಾಯಿತು. ನಮ್ಮ ಕಡೆ ಊರು ಬಿಟ್ಟು ಹೋಗುವುದೆಂದರೆ ದೇವರಿಗೆ. ಸುಮ್ಮನೆ ಕೂತು ಬರಲು ಯಾರೂ ಬಸ್ಸು ಹತ್ತುವುದಿಲ್ಲ. ಗೋಕರ್ಣ ಎಂದರು, ಮುರ್ಡೇಶ್ವರ ಎಂದರು. "ಒಲ್ಲೆ. ದೇವರ ಅಂದ್ರ ಪ್ರಸಾದ, ಪ್ರಸಾದ ಅಂದ್ರ ದೊಡ್ಡ ಒಲಿ. ಅದನ್ನ ನೋಡಿದ್ರ ನನ್ನ ಕೈ ಸುಮ್ನ ಇರಂಗಿಲ್ಲ" ಎಂದಳು. ಪಕ್ಕದ ಮನೆಯ ಟೇಲರ್ ಖಾಸಿಂ ಸಾಹೇಬರು ಗೋವಾ ಹೇಳಿದರು. "ಅಲ್ಲಿ ಮಂದಿ ಬಟ್ಟಿನೇ ಹಾಕ್ಕೊಳ್ಳಂಗಿಲ್ಲಂತ, ನಿಮ್ಮ ಅಂಗಡಿಗೆ ಲುಕ್ಸಾನ ಆಕ್ಕತಿ ಬಿಡ್ರಿ" ಎಂದು ಅವರ ಬಾಯಿ ಮುಚ್ಚಿಸಿದಳು. ಪಾಪ, ಅವರೇ ಆಮೇಲೆ ಅಂಕೋಲಾದ ಕಡೆಯ ಒಂದು ಸಣ್ಣ ಹಳ್ಳಿಯನ್ನು ಹುಡುಕಿಕೊಟ್ಟರು. ಅಲ್ಲಿ ಅವರ ಪರಿಚಯದ ಸೀತಕ್ಕ ಎಂಬವರು ಕೋಣೆ ಕೊಟ್ಟು ಊಟ ಹಾಕುತ್ತಾರಂತೆ. ಕಲ್ಯಾಣ ಮಂಟಪ ಇಲ್ಲ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೇ ಬಸಕ್ಕ ಒಪ್ಪಿದಳು.

ಹೊರಟದ್ದು ಆಷಾಢದಲ್ಲಿ, ಲಗ್ನಗಳಿಲ್ಲದ ತಿಂಗಳು. ನಾನೂ ರಜೆ ಹಾಕಿದೆ. ಮಳೆಯ ವಿಚಾರ ಇಬ್ಬರ ತಲೆಗೂ ಹೊಳೆಯಲಿಲ್ಲ. ಹಡಗಲಿಯಲ್ಲಿ ಆಷಾಢವೆಂದರೆ ಬುರ್ರನೆ ಗಾಳಿ, ತಲೆಯ ಮೇಲೆ ಓಡುವ ಮೋಡ, ಪುಣ್ಯವಿದ್ದರೆ ನಾಲ್ಕು ಹನಿ. ಮಳೆಗೆ ಹೆದರಿ ಪ್ರಯಾಣ ನಿಲ್ಲಿಸುವುದು ನಮಗೆ ಗೊತ್ತೇ ಇರಲಿಲ್ಲ. ಚೀಲದ ತುಂಬ ಗರಿಗರಿ ಕಟಕ ರೊಟ್ಟಿ, ಶೇಂಗಾ ಚಟ್ನಿ. ಛತ್ರಿ ಮಾತ್ರ ಇಲ್ಲ.

ಅಬ್ಬಬ್ಬಾ, ಅದೇನು ಮಳೆ! ಬಸ್ಸಿಳಿದು ಸೀತಕ್ಕನ ಮನೆ ಸೇರುವಷ್ಟರಲ್ಲಿ ತೊಯ್ದು ತೊಪ್ಪೆಯಾದೆವು. ಕ್ಯಾಲೆಂಡರಿನ ನೀಲಿ ಎಲ್ಲಿತ್ತು? ಕೆಸರು ಬಣ್ಣದ ನೀರು ಎದ್ದೆದ್ದು ಅಪ್ಪಳಿಸುತ್ತಿತ್ತು. ದಂಡೆಗೆ ಯಾರೂ ಇಳಿಯುವಂತಿರಲಿಲ್ಲ. "ಈ ಮಳೆಗೆ ಯಾರಾರೂ ಸಮುದ್ರ ನೋಡೂಕೆ ಬತ್ರಾ ಮಾರಾಯ್ತಿ?" ಎಂದು ಸೀತಕ್ಕ ಹಣೆ ಚಚ್ಚಿಕೊಂಡರು. ಕಟಕ ರೊಟ್ಟಿಗಳು ಆಗಲೇ ಮೆತ್ತಗಾಗಿದ್ದವು. ನನಗೆ ಅಳುವೇ ಬಂತು.

ಮರುದಿನ ಬೆಳಿಗ್ಗೆ ನೋಡಿದರೆ ಬಸಕ್ಕ ಹಾಸಿಗೆಯಲ್ಲಿಲ್ಲ. ಸೀತಕ್ಕನ ಅಡುಗೆಮನೆಗೆ ನುಗ್ಗಿ ಒಲೆ ಊದುತ್ತಿದ್ದಳು. ಸೌದೆಯೆಲ್ಲ ಮಳೆಗೆ ತೇವ ಹಿಡಿದಿತ್ತು. ಕಣ್ಣು ಕೆಂಪಾದವೇ ಹೊರತು ಬೆಂಕಿ ಹತ್ತಲಿಲ್ಲ. ಆ ಒಲೆಯ ಗುಟ್ಟು ಸೀತಕ್ಕನಿಗೆ ಮಾತ್ರ ಗೊತ್ತಿತ್ತು. ಅವರು ಇವಳ ಕೈಹಿಡಿದು ತಂದು ಜಗುಲಿಯ ಹಳೆಯ ಬೆತ್ತದ ಕುರ್ಚಿಯಲ್ಲಿ ಕೂರಿಸಿ, "ನೀವು ಇಲ್ಲೇ ಇರಿ" ಎಂದು ಗದರಿ ಹೋದರು. ಬಸಕ್ಕ ಮಳೆ ನೋಡಿದಳು, ಅದರಾಚೆಯ ಸಮುದ್ರ ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಟೀಚರವ್ವ, ಎಂಥಾ ಜಾಗ ಹುಡುಕೀವಿ ನೋಡಬೇ! ನಾ ಹತ್ತಸ್ತೀನಂದ್ರೂ ಇಲ್ಲಿ ಒಲಿ ಹತ್ತವಲ್ದು!"

ಆ ವಾರವೆಲ್ಲ ಅವಳು ಆ ಕುರ್ಚಿ ಬಿಡಲಿಲ್ಲ. ಬಿಸಿ ಗಂಜಿ ತಾನಾಗಿ ಕೈಗೆ ಬರುತ್ತಿತ್ತು. ಮೊದಮೊದಲು ಉಣ್ಣುವಾಗ ಬೆಚ್ಚಿ ಏಳುತ್ತಿದ್ದಳು, ಯಾರೋ ಕೂಗಿದರೆಂದು. "ಅದು ಸಮುದ್ರಬೇ, ನಿನ್ನ ಕರೆಯಾಕತ್ತಿಲ್ಲ" ಎಂದು ನಾನು ಮತ್ತೆ ಕೂರಿಸುತ್ತಿದ್ದೆ. ಬರಬರುತ್ತ ಏಳುವುದು ನಿಂತಿತು. ಊರಿಗೆ ಮರಳುವಾಗ ಮೊಣಕಾಲ ಬಾವು ಇಳಿದಿತ್ತು. ಬಸ್ಸಿನ ಮೆಟ್ಟಿಲನ್ನು ಅವಳು ತಾನೇ ಹತ್ತಿದ್ದು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆಮೇಲೆ ನನಗೆ ಹರಪನಹಳ್ಳಿಗೆ ವರ್ಗವಾಯಿತು. ಬಹಳ ವರ್ಷಗಳ ಮೇಲೆ ಕೊಟ್ಟೂರಿನ ಒಂದು ಮದುವೆಯಲ್ಲಿ ಬಸಕ್ಕ ಸಿಕ್ಕಳು. ಅದೇ ಕೊನೆಯ ಭೇಟಿ. ತಲೆ ಪೂರ್ತಿ ಬೆಳ್ಳಗಾಗಿತ್ತು, ಸೌಟು ಕೈಯಲ್ಲೇ ಇತ್ತು. ಕೊನೆಯ ಪಂಕ್ತಿ ಎದ್ದ ಮೇಲೆ ಒಲೆಯ ಕೊಳ್ಳಿ ಹಿರಿದು, ಜೊತೆಯ ಹೆಂಗಸರನ್ನೆಲ್ಲ ಕರೆದು ಸಾಲಾಗಿ ಕೂರಿಸಿದಳು. ತಾನೂ ಒಂದು ಕುರ್ಚಿ ಎಳೆದುಕೊಂಡು, ತೊಡೆಯ ಮೇಲೆ ತಾಟು ಇಟ್ಟುಕೊಂಡು, "ಬಡಸು ಟೀಚರವ್ವ" ಎಂದಳು. ನಾನು ಅನ್ನ ಬಡಿಸುತ್ತಿದ್ದೆ. ಮದುಮಗಳ ಅಣ್ಣ, "ಬಸಕ್ಕಾ, ಬಸಕ್ಕಾ" ಎಂದು ಕೂಗುತ್ತ ಓಡಿ ಬಂದ.

ಅವಳು ಏಳಲಿಲ್ಲ. ತುತ್ತು ಕಲೆಸುತ್ತಲೇ ಹೇಳಿದಳು: "ಬಸಕ್ಕ ಇಲ್ಲಪಾ. ಸಮುದ್ರಕ್ಕ ಹೋಗ್ಯಾಳ."