ನೋಡಾಕಲ್ರಿ, ಉಡಾಕ!

"ಇಮೇಜ್, ಇಮೇಜ್, ಇಮೇಜ್." ಇಳಕಲ್ಲಿನ ಸೀರೆ ಅಂಗಡಿಯೊಂದರ ಹೊಸ ವೆಬ್‌ಸೈಟಿನಲ್ಲಿ ನನ್ನ ಮಾತಾಡುವ ಕಂಪ್ಯೂಟರಿಗೆ ಓದಲು ಸಿಕ್ಕಿದ್ದು ಇಷ್ಟೇ. ಬರೇ ಫೋಟೊ, ಒಂದಕ್ಕೂ ವಿವರವಿಲ್ಲ. ನನಗೆ ಕಣ್ಣು ಕಾಣಿಸುವುದಿಲ್ಲ. ಸಿಟ್ಟಿನಿಂದ ಮರುದಿನವೇ ಆ ಅಂಗಡಿಗೆ ಹೋಗಿ, ವಿವರ ಯಾಕಿಲ್ಲ ಎಂದು ಕೇಳಿದೆ.

"ನಿಮಗ ಸೀರಿ ನೋಡಾಕ ಎಲ್ಲಿ ಆಗ್ತೈತ್ರಿ ಅಕ್ಕಾರ?" ಎಂದರು ಮಾಲೀಕರು, ಪಾಪ ಎನ್ನುವ ದನಿಯಲ್ಲಿ.

"ನೋಡಾಕಲ್ರಿ, ಉಡಾಕ! ಗಾದಿ ಮ್ಯಾಲೆ ಕುಂತು ದಾಳಿಂಬ್ರಿ ಬಣ್ಣ, ಚಿಕ್ಕಿ ಪರಾಸ ದಡಿ, ತೋಪು ಸೆರಗ ಅಂತ ಬಂದವರಿಗೆಲ್ಲ ಬಾಯ್ತುಂಬ ಹೇಳ್ತೀರಿ. ಅದನ್ನ ವೆಬ್‌ಸೈಟಿನ್ಯಾಗ ಬರ್ಯಾಕ ಏನಾಗೇತಿ?"

ಅವರು ನಕ್ಕು ಬೇರೆ ಗಿರಾಕಿಯತ್ತ ತಿರುಗಿದರು.

ಆ ವೆಬ್‌ಸೈಟು ಇಂದಿಗೂ 'ಇಮೇಜ್' ಎಂದೇ ಒದರುತ್ತಿದೆ. ಅದು ನೆಟ್ಟಗೆ ಬಾಯಿ ಬಿಡುವವರೆಗೆ ನಾನು ಎದುರಂಗಡಿಯ ಸೀರೆಯನ್ನೇ ಉಡುತ್ತೇನೆ. ಉಟ್ಟು, ಈ ಮಾಲೀಕರ ಅಂಗಡಿ ಮುಂದೆಯೇ ಹಾದುಹೋಗುತ್ತೇನೆ. ಅವರಿಗೆ ಕಣ್ಣಿವೆಯಲ್ಲ, ನೋಡಲಿ.