ನಿನ್ನ ಪಾಳಿ ಅದ, ಕಾಲ್ ಏನ ಫೋಲ್ಡ್?

ಅರವತ್ತರ ಹತ್ತಿರ ಬಂದ ಹೆಂಗಸೊಬ್ಬಳು ಪೋಕರ್ ಕಲಿಯಲು ಕುಳಿತಳೆಂದರೆ ಆ ಮನೆಯಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ.

ಆ ಹೆಂಗಸು ನಾನೇ, ಪ್ರತಿ ಭಾನುವಾರ ನಿಮಗಾಗಿ ಈ ಅಂಕಣ ಬರೆಯುವವಳು.

(ದುಡ್ಡು ಕಟ್ಟಿ ಆಡುವ ಆಟವಲ್ಲ, ಗಾಬರಿಯಾಗಬೇಡಿ. ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಸುಳ್ಳು ಚಿಪ್ಸ್‌ನ ಆಟ. ಸೋತರೆ ಮರುದಿನ ಬೆಳಿಗ್ಗೆ ಮತ್ತೆ ಕೊಡುತ್ತಾರೆ. ಸಂಸಾರದಲ್ಲಿ ಈ ಸೌಲಭ್ಯ ಇಲ್ಲ.)

ನಮ್ಮವರು ಮುಂಬೈ ಹತ್ತಿರದ ಶಹಾಡಿನ ಕೆಮಿಕಲ್ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದರು. ಆಗಲೂ ಮಾತು ಕಡಿಮೆಯೇ. ಆದರೆ ಅದು ಎದ್ದು ಕಾಣುತ್ತಿರಲಿಲ್ಲ. ಇವರ ಶಿಫ್ಟು, ನನ್ನ ಲೋಕಲ್ ರೈಲಿನ ಓಡಾಟ, ಮಗಳ ಕ್ಲಾಸು. ಮಾತಾಡದಿರುವುದಕ್ಕೆ ಟೈಮಿಲ್ಲ ಎಂಬ ನೆಪ ಇತ್ತು. ರಿಟೈರ್ ಆದ ಮೇಲೆ ಟೈಮು ಬಂತು, ನೆಪ ಹೋಯಿತು. ಮಾತು ಮಾತ್ರ ಬರಲಿಲ್ಲ.

ಬದಲಿಗೆ ಮೊಬೈಲು ಬಂತು. ಮಗಳು ಸ್ವಾತಿ ಅಪ್ಪನ ಹುಟ್ಟುಹಬ್ಬಕ್ಕೆ ಸ್ಮಾರ್ಟ್‌ಫೋನ್ ತಂದುಕೊಟ್ಟಳು. ಅಳಿಯ ಅದರಲ್ಲಿ ಪೋಕರ್ ಹಾಕಿಕೊಟ್ಟ. ಅಲ್ಲಿಗೆ ನಮ್ಮವರು ಠಾಕುರ್ಲಿಯ ನಮ್ಮ ಎರಡನೇ ಮಹಡಿಯ ಮನೆಯಲ್ಲಿ ಕುಳಿತೇ ಊರು ಬಿಟ್ಟರು.

ಬೆಳಗಿನ ಚಹಾದ ಜೊತೆ ಪೋಕರ್. ಊಟದ ಮೇಲೆ ಪೋಕರ್. ನಾನು ಏನು ಕೇಳಿದರೂ "ಹೂಂ". ಹೂಂ ಎಂದರೆ ಹೌದೋ, ಅಲ್ಲವೋ, ಕೇಳಿಸಲಿಲ್ಲವೋ? ಮೂವತ್ತು ವರ್ಷ ದಾಟಿದ ಸಂಸಾರದಲ್ಲಿ ಈ ಒಂದು ಅಕ್ಷರದ ಅರ್ಥ ನನಗೆ ಇನ್ನೂ ಹತ್ತಿಲ್ಲ.

ಒಂದು ದಿನ ಅಡುಗೆಮನೆಯಲ್ಲಿದ್ದೆ. ಹಾಲ್‌ನಲ್ಲಿ ಜೋರಾಗಿ ನಗುವ ಸದ್ದು. ಯಾರೋ ಬಂದಿದ್ದಾರೆ ಎಂದು ಕೈ ಒರೆಸಿಕೊಳ್ಳುತ್ತ ಓಡಿ ಬಂದೆ. ಯಾರೂ ಇಲ್ಲ. ನಮ್ಮವರು ಒಬ್ಬರೇ ಫೋನು ನೋಡಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದಾರೆ. ಆ ನಗು ನಾನು ಕೇಳಿ ಎಷ್ಟು ಕಾಲವಾಗಿತ್ತು!

ಸೀವುಡ್ಸ್‌ನಲ್ಲಿರುವ ಸ್ವಾತಿಗೆ ಫೋನ್ ಮಾಡಿ ಗೋಳಾಡಿದೆ. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಮಮ್ಮಿ, ತೋ ಆಪ್ ಭೀ ಸೀಖ್ ಲೋ ನಾ! ಉನ್ಕೇ ಸಾಥ್ ಖೇಲೋ" ಅಂದಳು. ನೀನೂ ಕಲಿತು ಅಪ್ಪನ ಜೊತೆ ಆಡು, ಅಂತ.

ಸರಿಯೇ ಅಲ್ಲವೇ? ಬೆಟ್ಟ ನಮ್ಮ ಬಳಿ ಬರದಿದ್ದರೆ ನಾವೇ ಬೆಟ್ಟದ ಬಳಿ ಹೋಗಬೇಕು.

ಭಾನುವಾರ ಮಧ್ಯಾಹ್ನ ಹಳೆಯ ಇಸ್ಪೀಟು ಕಟ್ಟು ಹುಡುಕಿ ಅವರ ಮುಂದಿಟ್ಟೆ. "ರೀ, ನನಗೂ ಕಲಸ್ರಿ."

ನಮ್ಮವರು ಕನ್ನಡಕದ ಮೇಲಿಂದ ನೋಡಿದರು. "ಯಾತಕ್ಕ? ಪೇಪರಿನಾಗ ಬರೀಲಿಕ್ಕೇನು?"

"ಬರೀ ಬರೀಲಿಕ್ಕ ಬದುಕೇನೇನು ನಾ? ಆಡಲಿಕ್ಕ."

ನಂಬಿದಂತೆ ಕಾಣಲಿಲ್ಲ. ಆದರೂ ಡೈನಿಂಗ್ ಟೇಬಲ್ಲಿಗೆ ಎದ್ದು ಬಂದರು. ಚಿಪ್ಸ್ ಬದಲಿಗೆ ಶೇಂಗಾಬೀಜ. ಆಮೇಲೆ ಶುರುವಾಯಿತು ನೋಡಿ! ನಮ್ಮವರು ಮಾತಾಡಿದರು. ಸತತವಾಗಿ. ಕೈಯಾಡಿಸಿಕೊಂಡು.

"ಕೈಯಾಗ ಎರಡ ಎಲಿ. ಅವು ನಿನ್ನವು, ಯಾರಿಗೂ ತೋರಸಬ್ಯಾಡ. ನಡುವ ಐದು ಎಲಿ ಬೀಳ್ತಾವ, ಅವು ಎಲ್ಲಾರವು. ಮೊದಲ ಮೂರು ಒಮ್ಮೆಲೇ. ಅದಕ್ಕ ಫ್ಲಾಪ್ ಅಂತಾರ. ಆಮ್ಯಾಲ ಒಂದು, ಟರ್ನ್. ಕಡೀಕ ಒಂದು, ರಿವರ್."

"ರಿವರ್ ಯಾಕ? ನದಿ ಎಲ್ಲಿ ಬಂತು?"

"ನನಗೇನ್ ಗೊತ್ತು? ಸುಮ್ನ ಕೇಳು. ನಿನ್ನವು ಎರಡು, ನಡುವಿನವು ಐದು, ಒಟ್ಟ ಏಳು. ಅದರಾಗ ಛಲೋ ಐದು ಆರಿಸಬೇಕು. ಪ್ರತಿ ಸಲ ಎಲಿ ಬಿದ್ದ ಮ್ಯಾಲ ಒಂದ ಸುತ್ತು ಪಣ ಕಟ್ಟೂದು. ನಿನ್ನ ಎಲಿ ಛಲೋ ಅದಾವು ಅನಸಿದ್ರ ರೇಸ್ ಮಾಡು, ಅಂದ್ರ ಹೆಚ್ಚು ಹಾಕು. ಬ್ಯಾರೆಯವರು ಹಾಕಿದಷ್ಟ ನೀನೂ ಹಾಕಿದ್ರ ಕಾಲ್. ಬ್ಯಾಡ ಅನಸ್ತು, ಎಲಿ ಒಗದು ಸುಮ್ನ ಕೂಡು. ಫೋಲ್ಡ್."

ಇಷ್ಟು ಉದ್ದದ ಮಾತು ಅವರ ಬಾಯಿಂದ ನಾನು ನಮ್ಮ ಮದುವೆಯ ಹೊಸದರಲ್ಲೂ ಕೇಳಿದವಳಲ್ಲ.

ಮೊದಲ ಜಗಳ ಕಲರ್ ವಿಷಯಕ್ಕೆ, ಅಂದರೆ ಎಲ್ಲ ಎಲೆಗಳೂ ಒಂದೇ ಜಾತಿಯವು ಬಂದರೆ. ದೀಪಾವಳಿಗೆ ಬಿಲ್ಡಿಂಗಿನವರ ಜೊತೆ ಮೂರೆಲೆಯ ತೀನ್ ಪತ್ತಿ ಆಡಿ ಗೊತ್ತಿದ್ದ ನನಗೆ ಸೀಕ್ವೆನ್ಸ್ ದೊಡ್ಡದು, ಕಲರ್ ಅದಕ್ಕಿಂತ ಸಣ್ಣದು. ಇಲ್ಲಿ ಉಲ್ಟಾ. ಐದೂ ಆಟೀನು ಬಿದ್ದರೆ ಅದು ಸಾಲಾಗಿ ಬಂದ ಐದಕ್ಕಿಂತ ದೊಡ್ಡದಂತೆ. ಯಾವ ನ್ಯಾಯ? "ರೂಲ್ ಅಂದ್ರ ರೂಲ್" ಅಂದರು ನಮ್ಮವರು, ಫ್ಯಾಕ್ಟರಿಯಲ್ಲಿ ಸೇಫ್ಟಿ ಆಫೀಸರ್ ಹೇಳುವ ಹಾಗೆ.

ಎರಡನೆಯದು, ನಾನು ಎಂದೂ ಫೋಲ್ಡ್ ಮಾಡುವುದಿಲ್ಲ ಎಂದು.

"ಕೈಯಾಗ ದುರಿ, ಏಳರಂಥಾ ಸಣ್ಣ ಎಲಿ ಇಟಗೊಂಡು ಯಾಕ ಕಾಲ್ ಅಂತೀ?"

"ಮುಂದ ಏನ್ ಬೀಳ್ತದ ನೋಡೋಣ ಅಂತ."

"ಎಲ್ಲಾ ನೋಡಬೇಕಂದ್ರ ಆಗೂದಿಲ್ಲ ಇದರಾಗ."

ಆದರೂ ಆ ಮಧ್ಯಾಹ್ನಗಳು ಚೆನ್ನಾಗಿದ್ದವು. ನಾನು ಸೋಲುತ್ತಿದ್ದೆ, ಶೇಂಗಾ ತಿನ್ನುತ್ತಿದ್ದೆ, "ಚಿಪ್ಸ್ ತಿಂತೀಯಲ್ಲ!" ಎಂದು ಅವರು ರೇಗುತ್ತಿದ್ದರು. ಗಂಡ ಹೆಂಡತಿ ರೇಗಿಕೊಳ್ಳುವುದೂ ಒಂದು ಸುಖ. ರೇಗದವರ ಜೊತೆ ಬಾಳಿದವರಿಗೆ ಗೊತ್ತು.

ರೂಲ್ಸ್ ಒಂದು ಮಟ್ಟಕ್ಕೆ ಬಂದ ಮೇಲೆ ಸ್ವಾತಿ ನನ್ನ ಫೋನಿಗೂ ಆಟ ಹಾಕಿಕೊಟ್ಟಳು. ನನ್ನ ಹೆಸರು "ಠಾಕುರ್ಲಿ ಆಂಟಿ". ಅವರ ಹೆಸರು ಕೇಳಿ ನನಗೆ ನಗು ತಡೆಯಲಾಗಲಿಲ್ಲ. "ಶಹಾಡ್ ಟೈಗರ್"! ಅವರು ದಿನಾ ಕೂರುವ ಟೇಬಲ್ಲಿಗೇ ನನಗೂ ಜಾಗ ಮಾಡಿಸಿಕೊಟ್ಟಳು. ಅಲ್ಲಿ ಇನ್ನಿಬ್ಬರು ಕಾಯಂ ಗಿರಾಕಿಗಳು. ಒಬ್ಬ ಬಿಲಾಸ್‌ಪುರದ ಅಂಗಡಿಕಾರ. ಇನ್ನೊಬ್ಬಳು ನಾಗಪುರದ ಪ್ರಾಚಿ ಎಂಬ ಹುಡುಗಿ. ಆಡುತ್ತಲೇ ಪಕ್ಕದಲ್ಲಿ ಟೈಪ್ ಮಾಡಿ ಹರಟೆ ಹೊಡೆಯಬಹುದು. ನಾನು ಯಾರೆಂದು ನಮ್ಮವರು ಅವರಿಗೆ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಹೊಸಬಳು, ಸುಮ್ಮನೆ ಕುಳಿತಿದ್ದೆ.

ಅವತ್ತು ಮಧ್ಯಾಹ್ನ ಇವರು ಸೋಫಾದ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಇಬ್ಬರ ಕೈಯಲ್ಲೂ ಫೋನು. ಫ್ಲಾಪ್ ಬಿತ್ತು. ರಾಣಿ, ಒಂಬತ್ತು, ನಾಲ್ಕು. ಪ್ರಾಚಿ ಕಾಲ್ ಮಾಡಿದಳು. ಹಾಗೇ ಪಕ್ಕದಲ್ಲಿ ಒಂದು ಸಾಲು ಮೂಡಿತು.

"ಟೈಗರ್ ಅಂಕಲ್, ಆಂಜಿಯೋಗ್ರಫಿ ಕೀ ಡೇಟ್ ಮಿಲೀ ಕ್ಯಾ?"

ಆಂಜಿಯೋಗ್ರಫಿಗೆ ತಾರೀಖು ಸಿಕ್ಕಿತೇ, ಅಂತ. ಎರಡು ಸಲ ಓದಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ.

ಯಾರ ಆಂಜಿಯೋಗ್ರಫಿ?

ಅಷ್ಟರಲ್ಲಿ ಬಿಲಾಸ್‌ಪುರದವನು ಬರೆದ: "ಅಂಕಲ್, ಟಾಲೋ ಮತ್. ಮೇರೇ ಚಾಚಾ ನೇ ಭೀ ಟಾಲಾ ಥಾ." ಮುಂದೂಡಬೇಡಿ, ನಮ್ಮ ಚಿಕ್ಕಪ್ಪನೂ ಹೀಗೇ ಮುಂದೂಡಿದ್ದ, ಅಂತ.

ತಲೆ ಎತ್ತಿ ನೋಡಿದೆ. ನಮ್ಮವರು ಎತ್ತಲಿಲ್ಲ. ಕಿವಿ ಮಾತ್ರ ಕೆಂಪಗಾಗಿತ್ತು.

"ರೀ, ಏನಿದು?"

"ನಿನ್ನ ಪಾಳಿ ಅದ. ಕಾಲ್ ಏನ ಫೋಲ್ಡ್?"

ನಾನು ಫೋನನ್ನು ಸೋಫಾದ ಮೇಲೆ ಎಸೆದೆ.

ಬಾಯಿ ಬಿಡಿಸಲು ಸಂಜೆಯಾಯಿತು. ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಎದೆಯಲ್ಲಿ ಯಾರೋ ಒತ್ತಿ ಹಿಡಿದಂತೆ ಆಗುತ್ತಿತ್ತಂತೆ. ಕಲ್ಯಾಣದ ಡಾಕ್ಟರ ಹತ್ತಿರ ಒಬ್ಬರೇ ಹೋಗಿದ್ದರಂತೆ. ನನಗೆ ಹೇಳಿದ್ದು, ಹಳೆಯ ಫ್ಯಾಕ್ಟರಿ ದೋಸ್ತರನ್ನು ನೋಡಿಬರುತ್ತೇನೆ ಎಂದು. ಡಾಕ್ಟರು ಆಂಜಿಯೋಗ್ರಫಿ ಆಗಲೇಬೇಕು ಅಂದಿದ್ದಾರೆ. ಇವರು ಹೂಂ ಎಂದು ಬಂದು ಪೋಕರ್ ಆಡುತ್ತ ಕುಳಿತಿದ್ದಾರೆ.

"ನನಗ್ಯಾಕ ಹೇಳ್ಲಿಲ್ಲ?"

"ನಿನಗ ಹೇಳಿದ್ರ ಏನಾಗ್ತದ? ಸ್ವಾತಿಗೆ ಫೋನ್ ಮಾಡ್ತಿ. ನಿಮ್ಮಣ್ಣಗ ಹುಬ್ಬಳ್ಳಿಗೆ ಫೋನ್ ಮಾಡ್ತಿ. ಉಪ್ಪು ಬಂದ್, ಎಣ್ಣಿ ಬಂದ್. ಹರಕಿ ಹೊರತಿ. ರಾತ್ರಿ ನಾ ಉಸಿರಾಡ್ಲಿಕ್ಹತ್ತೇನೋ ಇಲ್ಲೋ ಅಂತ ಮೂಗಿನ ಹತ್ರ ಕೈ ಇಟ್ಟು ನೋಡ್ತಿ. ಅವರಿಗೆ ಹೇಳಿದ್ರ 'ಅರೇ ಅಂಕಲ್' ಅಂತಾರ. ಆಮ್ಯಾಲ ಎಲಿ ಬೀಳ್ತಾವ. ಅಷ್ಟ."

ನಾನು ಅತ್ತೆ. ಕೂಗಾಡಿದೆ. ಮುಖ ಕಂಡಿರದ ನಾಗಪುರದ ಹುಡುಗಿಗೆ ಗೊತ್ತಿರಬೇಕು, ಬಿಲಾಸ್‌ಪುರದ ಅಂಗಡಿಯವನಿಗೆ ಗೊತ್ತಿರಬೇಕು, ಪಕ್ಕದಲ್ಲಿ ಮಲಗುವ ನನಗೆ ಗೊತ್ತಿರಬಾರದೇ? ನಾನೇನು ಈ ಮನೆಯ ಪೇಯಿಂಗ್ ಗೆಸ್ಟೇ?

ಆಗ ನಮ್ಮವರು ಒಂದು ಮಾತು ಅಂದರು. ಸಿಟ್ಟಿನಿಂದಲ್ಲ. ಇವತ್ತು ನಲ್ಲಿಯಲ್ಲಿ ನೀರು ಬಂದಿಲ್ಲ ಎನ್ನುವಷ್ಟು ಸಾದಾ ದನಿಯಲ್ಲಿ.

"ನಿಮ್ಮವ್ವ ಹೋದ ಮ್ಯಾಲ ನೀ ದಿನಾ ಬಾತ್‌ರೂಮಿನಾಗ ನಳಾ ಬಿಟ್ಟು ಅಳತಿದ್ದಿ ಅಂತ ನನಗ ಹೆಂಗ ಗೊತ್ತಾತು? ಪೇಪರಿನಾಗ ಬರದಿದ್ದಿ. ಎಷ್ಟ ಮಂದಿ ಓದಿದ್ರೋ, ಅವರ ಜೋಡಿ ನಾನೂ ಓದಿದೆ."

ಇದಕ್ಕೆ ಉತ್ತರ ನಿಮ್ಮ ಬಳಿ ಇದ್ದರೆ ಬರೆದು ತಿಳಿಸಿ.

ಮರುದಿನವೇ ಡಾಕ್ಟರನ್ನು ಹಿಡಿದೆವು. ಅವರು ಠಾಣೆಯ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಆಂಜಿಯೋಗ್ರಫಿಯಲ್ಲಿ ಎರಡು ಕಡೆ ಬ್ಲಾಕ್ ಕಂಡಿತು. ಇಷ್ಟು ದಿನ ಇವರನ್ನು ಮೆಟ್ಟಿಲು ಹತ್ತಲು ಬಿಟ್ಟದ್ದೇ ತಪ್ಪು ಎಂದು ಅಲ್ಲಿಯ ಡಾಕ್ಟರು ನನ್ನನ್ನೇ ಬೈದರು. (ಹೆಂಡತಿಗೆ ಗೊತ್ತಿರಲಿಲ್ಲ ಎಂದು ಯಾವ ಬಾಯಿಂದ ಹೇಳಲಿ?) ಅಲ್ಲೇ ಸ್ಟೆಂಟ್ ಹಾಕುವುದೆಂದಾಯಿತು. ನಮ್ಮವರನ್ನು ಒಳಗೆ ಕರೆದೊಯ್ದರು. ಸ್ಟ್ರೆಚರ್ ಮೇಲಿಂದ ನನ್ನ ಕಡೆ ನೋಡಿದರು. ಏನೋ ಹೇಳುತ್ತಾರೆ ಎಂದು ಬಗ್ಗಿದೆ.

"ಫೋನ್ ಚಾರ್ಜಿಗೆ ಹಾಕು" ಅಂದರು.

ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಸ್ವಾತಿ ಬಿಲ್ಲಿಂಗ್ ಕೌಂಟರಿನಲ್ಲಿ. ನನಗೆ ವಿಷ್ಣು ಸಹಸ್ರನಾಮ ಬಾಯಿಗೆ ಬರಲಿಲ್ಲ. ಯಾಕೋ ನನ್ನ ಫೋನು ತೆಗೆದು ಪೋಕರ್ ಟೇಬಲ್ಲಿಗೆ ಹೋಗಿ ಕುಳಿತೆ. ಟೈಗರ್‌ನ ಕುರ್ಚಿ ಖಾಲಿ. ಪ್ರಾಚಿ ಕೇಳುತ್ತಿದ್ದಳು, ಅಂಕಲ್ ಯಾಕೆ ಬಂದಿಲ್ಲ, ಯಾರಿಗಾದರೂ ಗೊತ್ತೇ ಎಂದು.

ನಾನು ಬರೆದೆ: "ಆಪರೇಷನ್ ಥಿಯೇಟರಿನಲ್ಲಿದ್ದಾರೆ. ನಾನು ಅವರ ಹೆಂಡತಿ." ಹಿಂದಿಯಲ್ಲೇ ಬರೆದೆ, ನನ್ನ ಒಡಕು ಹಿಂದಿಯಲ್ಲಿ.

ಆಟ ನಿಂತಿತು. ಯಾರೂ ಕಾಲ್ ಅನ್ನಲಿಲ್ಲ, ಫೋಲ್ಡ್ ಅನ್ನಲಿಲ್ಲ. ಆಟದ ಗಡಿಯಾರ ಓಡಿ, ಹೊತ್ತು ಮುಗಿದು ಎಲ್ಲರ ಎಲೆಗಳೂ ತಾವಾಗಿಯೇ ಹೋದವು.

ಆಮೇಲೆ ಪ್ರಾಚಿ ಬರೆದಳು: "ಆಂಟಿ, ಆಪ್ ವಹೀ ಹೋ ನಾ ಜೋ ಲಿಖತೀ ಹೈಂ? ಅಂಕಲ್ ಹರ್ ಸಂಡೇ ಬತಾತೇ ಹೈಂ, ಆಜ್ ಮೇರೀ ಮಿಸೆಸ್ ನೇ ಕ್ಯಾ ಲಿಖಾ. ಬಹುತ್ ಪ್ರೌಡ್ ಹೈಂ."

ಪ್ರತಿ ಭಾನುವಾರ. ನಾನು ಏನು ಬರೆದಿದ್ದೇನೆಂದು ನಾಗಪುರದವಳಿಗೆ ಹಿಂದಿಯಲ್ಲಿ ತಿಳಿಸಿ ಹೇಳುತ್ತಾರಂತೆ. ಹೆಮ್ಮೆಯಂತೆ. ನನ್ನ ಮುಂದೆ ಒಂದೇ ಒಂದು ಸಲ "ಛಲೋ ಬರದೀ" ಎಂದವರಲ್ಲ ಈ ಮನುಷ್ಯ!

ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನಾನು ಅತ್ತದ್ದು ಯಾವುದಕ್ಕೆ ಎಂದು ಸ್ವಾತಿಗೆ ಹೇಳಲಾಗಲಿಲ್ಲ. ಅವಳು ಆಪರೇಷನ್ನಿನ ಭಯ ಎಂದುಕೊಂಡು ಬೆನ್ನು ಸವರಿದಳು.

ನಮ್ಮವರು ಬದುಕಿ ಬಂದರು. ಈಗ ಮನೆಯಲ್ಲಿದ್ದಾರೆ. ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುತ್ತಾರೆ, ಉಪ್ಪಿಲ್ಲದ ಸಾರು ಮುಖ ಕಿವುಚಿಕೊಂಡು ಉಣ್ಣುತ್ತಾರೆ. ಎಲ್ಲ ಬದಲಾಗುತ್ತದೆ ಎಂದುಕೊಂಡಿದ್ದೆ. ಸಾವಿನ ಬಾಗಿಲಿಗೆ ಹೋಗಿ ಬಂದವರು ಬದಲಾಗುತ್ತಾರೆ ಎಂದು ಯಾರು ಹೇಳಿದರೋ ಅವರನ್ನು ನಾನು ಹುಡುಕುತ್ತಿದ್ದೇನೆ.

ಮೊನ್ನೆ ಧೈರ್ಯ ಮಾಡಿ ಪಕ್ಕದಲ್ಲಿ ಕುಳಿತು ಕೇಳಿದೆ. "ರೀ, ನನ್ನ ಅಂಕಣ ನಿಮಗ ಸೇರ್ತದೇನು?"

"ಹೂಂ."

"ಹೂಂ ಅಂದ್ರ?"

"ಓದತೀನಿ."

"ಎದಿ ಈಗ ಹೆಂಗದ? ನೋವು?"

"ಆರಾಮ."

ಆಮೇಲೆ ಫೋನು ಎತ್ತಿಕೊಂಡು ಏನೋ ಟೈಪ್ ಮಾಡತೊಡಗಿದರು. ಒಂದೊಂದೇ ಅಕ್ಷರ ಹುಡುಕಿ, ಬಹಳ ಹೊತ್ತು. ಯಾರಿಗೆ ಎಂದು ನಾನು ಕೇಳಲಿಲ್ಲ. ನನ್ನ ಫೋನೂ ಅಲ್ಲೇ ಇತ್ತು. ತೆರೆದಿದ್ದರೆ ನನಗೂ ಓದಲು ಸಿಗುತ್ತಿತ್ತು. ತೆರೆಯಲಿಲ್ಲ. ನನ್ನ ಗಂಡ ಹೇಗಿದ್ದಾನೆಂದು ಪೋಕರ್ ಟೇಬಲ್ಲಿನಲ್ಲಿ ಕುಳಿತು ತಿಳಿದುಕೊಳ್ಳುವಷ್ಟು ಆಟ ನನಗೆ ಬರುತ್ತದೆ, ಮನಸ್ಸು ಬರುವುದಿಲ್ಲ.

ಎದ್ದು ಒಳಗೆ ಹೋದೆ. ಹೋಗಿ ಏನು ಮಾಡಿದೆ? ಇದನ್ನು ಬರೆಯಲು ಕುಳಿತೆ. ಅವರಿಗೆ ಹೇಳಬೇಕಾದುದನ್ನೆಲ್ಲ ಮತ್ತೆ ನಿಮಗೇ ಹೇಳುತ್ತಿದ್ದೇನೆ.

ಭಾನುವಾರ ನಮ್ಮವರು ಇದನ್ನು ಓದುತ್ತಾರೆ. ಓದಿ ಅವರಿಗೆ ಏನನ್ನಿಸಿತು ಎಂದು ನಾನು ಯಾರನ್ನು ಕೇಳಲಿ?