ಉಗಾಂಡದ ಜ್ವರ, ಅಜ್ಜಯ್ಯನ ದನಿ

ಮೈಮೇಲೆ ಬರುವುದು, ಸತ್ತವರು ಮಾತಾಡುವುದು ಇವನ್ನೆಲ್ಲ ನಾನು ನಂಬಿದವನಲ್ಲ. ಊರಿನ ಪಾತ್ರಿಗಳು ಮೈಮೇಲೆ ದೈವ ಬಂದಾಗ ನಡುಗುವ ರೀತಿಯನ್ನು ಮದುವೆಮನೆಗಳಲ್ಲಿ ಮಾಡಿ ತೋರಿಸಿ ನಗಿಸುತ್ತಿದ್ದೆ. ಎದುರು ಕೂತ ಪಾತ್ರಿಗಳೂ ನಗುತ್ತಿದ್ದರು. ಅಣಕಿಸಲು ಯಾರೂ ಸಿಗದಿದ್ದರೆ ನನ್ನದೇ ಬಾತುಕೋಳಿ ನಡಿಗೆ ಇತ್ತು. ಈಗಲೂ ನಂಬುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಉಗಾಂಡದಲ್ಲಿ ನಮ್ಮವರೊಬ್ಬರ ಹೋಟೆಲಿನಲ್ಲಿ ಕೆಲಸಕ್ಕಿದ್ದೆ. ತಂಗಿಯ ನಿಶ್ಚಿತಾರ್ಥಕ್ಕೆಂದು ವಂಡ್ಸೆಯ ಅಮ್ಮಮ್ಮನ ಮನೆಗೆ ಬಂದೆ. ಆಗಾಗ ಜ್ವರ ಬಂದು ಹೋಗುತ್ತಿತ್ತು. ಪ್ರಯಾಣದ ಸುಸ್ತೆಂದು ಮಾತ್ರೆ ನುಂಗಿ ಸುಮ್ಮನಿದ್ದೆ. ನಿಶ್ಚಿತಾರ್ಥದ ಊಟ ಮುಗಿದು ಚಾವಡಿಯಲ್ಲಿ ಕೂತಿದ್ದಾಗ ಇದ್ದಕ್ಕಿದ್ದಂತೆ ಚಳಿ ಹಿಡಿಯಿತು. ಹಲ್ಲು ಕಟಕಟ, ಮೈಯೆಲ್ಲ ಗಡಗಡ.

“ಹ್ವಾಯ್, ಕಾಣಿ ಕಾಣಿ, ಮಾಣಿಗ್ ದರ್ಶನ ಬಂತ್!” ಎಂದು, ಪಾತ್ರಿಯ ಅಣಕ ಶುರುವಾಯಿತೆಂದುಕೊಂಡ ಮಾವ ಕೂಗಿದ. ಚಾವಡಿ ತುಂಬ ಚಪ್ಪಾಳೆ.

“ಚಳಿ ಮಾವ, ನಿಜವಾಯ್ಲೂ ಚಳಿ” ಎಂದೆ.

“ಅಬ್ಬಾ, ಎಂತಾ ಆ್ಯಕ್ಟಿಂಗ್ ಮರಾಯ!”

ಚಪ್ಪಾಳೆಯ ನಡುವೆಯೇ ಸಾಯುವ ಯೋಗ ಎಷ್ಟು ಕಲಾವಿದರಿಗುಂಟು? ಆಮೇಲಿನದು ನನಗೆ ನೆನಪಿಲ್ಲ, ಅಮ್ಮ ಹೇಳಿದ್ದು.

ನಾನು ಗಂಟಲು ಕೆರೆದು, ಒಡಕು ದನಿಯಲ್ಲಿ, “ಸಿಂಗಾರೀ, ಮಾಣಿ ಸಾಯ್ತ. ಆಸ್ಪತ್ರಿಗ್ ಕರ್ಕಂಡ್ ಹೋಗ್” ಎಂದೆನಂತೆ. ಅಮ್ಮಮ್ಮನ ಕೈಯಿಂದ ಎಲೆಯಡಿಕೆ ತಟ್ಟೆ ಜಾರಿತು. ಅವಳನ್ನು ಸಿಂಗಾರಿ ಎಂದು ಕರೆಯುತ್ತಿದ್ದವರು ಅವಳ ಗಂಡ, ನಮ್ಮ ಅಜ್ಜಯ್ಯ ಒಬ್ಬರೇ. ಆ ಒಡಕು ದನಿಯೂ ಅವರದೇ ಆಗಿತ್ತಂತೆ. ನಾನು ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು.

“ನೆಗಾಡಿದ್ ಸಾಕ್, ಕಾರ್ ತೆಗಿ!” ಎಂದು ಅಮ್ಮಮ್ಮ ಮಾವನಿಗೆ ಗದರಿದಳಂತೆ.

ಕುಂದಾಪುರದ ಆಸ್ಪತ್ರೆಯಲ್ಲಿ, ನಾನು ಎಲ್ಲಿಂದ ಬಂದವನೆಂದು ತಿಳಿದದ್ದೇ ತಡ, ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಮಲೇರಿಯಾ. ಉಗಾಂಡದ ಸೊಳ್ಳೆಯ ಉಡುಗೊರೆ, ಆಗಲೇ ಮಿದುಳಿಗೇರಿತ್ತು. ಇನ್ನಷ್ಟು ತಡವಾಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಅಜ್ಜಯ್ಯನೇ ಬಂದು ಉಳಿಸಿದರೆಂದು ಮನೆಯವರು ಅವರ ಹೆಸರಿನಲ್ಲಿ ಎಡೆಯಿಟ್ಟರು. ನಾನು ಕೈಮುಗಿಯಲಿಲ್ಲ. ಉಳಿಸಿದ್ದು ಔಷಧಿ. ಜ್ವರದ ಬಡಬಡಿಕೆ ಎಂದರು ಡಾಕ್ಟರು, ಒಪ್ಪಿದೆ. ಹೆಸರನ್ನು ಎಲ್ಲೋ ಕೇಳಿರಬಹುದು, ಅದನ್ನೂ ಒಪ್ಪಿದೆ. ಆದರೆ ಕಿವಿಗೆ ಬೀಳದ ದನಿಯನ್ನು ಯಾವ ಮಿಮಿಕ್ರಿಯವನೂ ತೆಗೆಯಲಾರ.

ಆಮೇಲೊಂದು ದಿನ ಅಮ್ಮಮ್ಮ ಪಕ್ಕದಲ್ಲಿ ಕೂತು, “ಇನ್ನೊಂದ್ ಸಲ ಮಾತಾಡ್ ಮಗಾ” ಎಂದಳು.

“ಬತ್ತಿಲ್ಲೆ ಅಮ್ಮಮ್ಮ” ಎಂದೆ. ಆ ದನಿ ತೆಗೆಯಲು ಗುಟ್ಟಾಗಿ ಎಷ್ಟೋ ಸಲ ಪ್ರಯತ್ನಿಸಿ ಸೋತಿದ್ದೆ.

ನನ್ನ ರಕ್ತದಲ್ಲಿದ್ದದ್ದು ಪರೋಪಜೀವಿ, ಯಾವ ದೈವವೂ ಅಲ್ಲ. ಬೇಕಾದರೆ ಆ ಚಾವಡಿಯಲ್ಲೇ ನಿಂತು ಕೂಗಿ ಹೇಳುತ್ತೇನೆ. ಉಗಾಂಡದಿಂದ ಬಂದ ಆ ಜೀವಿ ನಮ್ಮ ಅಜ್ಜಯ್ಯನ ದನಿಯನ್ನು ಎಲ್ಲಿ ಕೇಳಿತ್ತು ಎಂದು ಮಾತ್ರ ನನ್ನನ್ನು ಕೇಳಬೇಡಿ.